‘ಸೈಲೆಂಟ್ ನೈಟ್’ ಯಾರ ಹಾಡು?

ಓದುಗರ ಪತ್ರ: ಕ್ರಿಸ್‌ಮಸ್ ಹಾಡು ‘ಸೈಲೆಂಟ್ ನೈಟ್’ ಜನಪದ ಗೀತೆಯೇ, ಸಂಗೀತಕಾರ ಹೈಡನ್ ರಚನೆಯೇ? ಇಲಿಗಳು ಚರ್ಚಿನ ಆರ್ಗನ್ ಕಡಿದದ್ದರಿಂದ ಗಿಟಾರ್‌ಗೆ ಮಟ್ಟು ಹಾಕಿದರಂತೆ, ನಿಜವೇ? ನಮ್ಮ ಗಾಯನ ತಂಡ ಕೊನೆಯ ಸಾಲಿನಲ್ಲೇ ಏಕೆ ಎಡವುತ್ತದೆ?

ಸಂಪಾದಕರ ಉತ್ತರ: ಎರಡೂ ಅಲ್ಲ. ಯೋಸೆಫ್ ಮೋರ್ ಎಂಬ ಯುವ ಪಾದ್ರಿ 1816ರಲ್ಲಿ, ಇಂದಿನ ಆಸ್ಟ್ರಿಯದ ಮರಿಯಾಫಾರ್‌ನಲ್ಲಿದ್ದಾಗ ಜರ್ಮನ್‌ನಲ್ಲಿ ಆರು ಚರಣ ಬರೆದರು. 1818ರ ಡಿಸೆಂಬರ್ 24ರಂದು ಓಬರ್ನ್‌ಡಾರ್ಫ್‌ನಲ್ಲಿ ಅದನ್ನು ಫ್ರಾನ್ಸ್ ಕ್ಸಾವರ್ ಗ್ರೂಬರ್ ಕೈಗಿತ್ತು, ಎರಡು ಕಂಠ, ಮೇಳ ಮತ್ತು ಗಿಟಾರ್‌ಗೆ ಹೊಂದುವ ಮಟ್ಟು ಕೇಳಿದರು. ಪಕ್ಕದ ಆರ್ನ್ಸ್‌ಡಾರ್ಫ್‌ನಲ್ಲಿ ಮೇಷ್ಟರಾಗಿದ್ದ ಗ್ರೂಬರ್ ಅಂದೇ ಮುಗಿಸಿಕೊಟ್ಟರು. ರಾತ್ರಿ ಮೋರ್ ಗಿಟಾರ್ ನುಡಿಸುತ್ತ ಟೆನರ್ (ಗಂಡಸರ ಎತ್ತರದ ಕಂಠ) ಹಾಡಿದರು, ಗ್ರೂಬರ್ ಬಾಸ್ (ತಗ್ಗಿನ ಕಂಠ).

ಹಾಡು ಆಲ್ಪ್ಸ್ ಬೆಟ್ಟಗಳ ಟಿರೋಲ್ ಸೀಮೆಯ ತ್ಸಿಲ್ಲರ್‌ಟಾಲ್ ಕಣಿವೆಗೆ ತಲುಪಿತು. ಅಲ್ಲಿನ ರೈನರ್ ಕುಟುಂಬ, ಕೈಗವಸು ಮಾರುತ್ತಿದ್ದ ಸ್ಟ್ರಾಸರ್ ಒಡಹುಟ್ಟಿದವರು ಊರೂರಿಗೆ ಒಯ್ದರು. ಸ್ಟ್ರಾಸರ್‌ಗಳು ಲೈಪ್‌ಜಿಗ್‌ನಲ್ಲಿ ಹಾಡಿದ ಮೇಲೆ ಅದು ‘ಟಿರೋಲಿನ ಹಾಡು’ ಎಂದೇ ಅಚ್ಚಾಯಿತು. ಕೇಳುಗರನ್ನು ಗಳಿಸಿಕೊಟ್ಟವರು ಈ ಗಾಯಕರೇ. ಕರ್ತೃಗಳ ಹೆಸರು ಅಳಿಸಿಹೋದದ್ದೂ ಈ ದಾರಿಯಲ್ಲೇ. 1854ರಲ್ಲಿ ಬರ್ಲಿನ್‌ನ ಆಸ್ಥಾನ ಸಂಗೀತಗಾರರು ಇದನ್ನು ಮಿಖಾಯೆಲ್ ಹೈಡನ್‌ದೆಂದು ಭಾವಿಸಿ ಸಾಲ್ಜ್‌ಬರ್ಗ್‌ಗೆ ಪತ್ರ ಬರೆದರು. ಗ್ರೂಬರ್ ಡಿಸೆಂಬರ್ 30ರಂದು ನಡೆದದ್ದನ್ನು ಬರೆದುಕೊಟ್ಟರು. ಆ ಬರಹದಲ್ಲಿ ಇಲಿಯೂ ಇಲ್ಲ, ಕೆಟ್ಟ ಆರ್ಗನ್ನೂ ಇಲ್ಲ; ಆ ಕಥೆಯನ್ನು ಕೈಬಿಡುವುದೇ ಸರಿ. 1995ರಲ್ಲಿ ಸಿಕ್ಕ ಮೋರ್ ಕೈಬರಹದ ಪ್ರತಿಯಲ್ಲಂತೂ ಸಾಹಿತ್ಯ ತನ್ನದು, 1816ರದು, ಮಟ್ಟು ಗ್ರೂಬರ್‌ದು ಎಂದು ಸ್ಪಷ್ಟವಾಗಿದೆ.

ಇನ್ನು ನಿಮ್ಮ ತಂಡದ ತೊಂದರೆ. ಹಾಡು ‘ಪ ದ ಪ ಗ’ ಎಂದು ಪಂಚಮದಲ್ಲಿ ಶುರುವಾಗುತ್ತದೆ. ಆ ಸ್ವರ ಗಂಟಲಿಗೆ ಹಿತವಾಗಿದೆ ಎಂದು ಅಂದಾಜಿನಲ್ಲಿ ಎತ್ತಿಕೊಳ್ಳುತ್ತಾರೆ. ಆದರೆ ಅದರ ಮೇಲೆ ಇನ್ನೂ ಆರು ಸ್ವರ ಏರಬೇಕು: ಇಂಗ್ಲಿಷ್ ಹಾಡಿನ ಕೊನೆಯ ಸಾಲು ‘ಸ್ಲೀಪ್ ಇನ್ ಹೆವನ್ಲಿ ಪೀಸ್’ ಮೊದಲ ಸಲ ಬರುವಾಗ ತಾರ ಮಧ್ಯಮ ಮುಟ್ಟುತ್ತದೆ, ಎರಡನೇ ಸಲ ಆಧಾರ ಷಡ್ಜಕ್ಕೆ ಇಳಿಯುತ್ತದೆ. ಮೋರ್ ಪ್ರತಿಯ ಡಿ ಮೇಜರ್ ಶ್ರುತಿ ಪಳಗಿದ ಒಂಟಿ ಕಂಠಗಳಿಗೆ ಸರಿ, ಸಭೆಯ ಹಾಡಿಗೆ ಎತ್ತರ. ಬಿ ಫ್ಲ್ಯಾಟ್ ಅಥವಾ ಎ ಇಟ್ಟುಕೊಳ್ಳಿ. ಎ ಆದರೆ ಗಿಟಾರ್‌ಗೆ ಎ, ಡಿ, ಇ ಸೆವೆನ್ ಮೂರೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಸಾಕು. ಇನ್ನೂ ಇಳಿಸಿದರೆ ಕೊನೆಯ ಷಡ್ಜ ಹೆಂಗಸರ ಗಂಟಲಲ್ಲೇ ಉಳಿದುಬಿಡುತ್ತದೆ.

ಲಯ 6/8, ತೊಟ್ಟಿಲು ತೂಗುವ ನಡೆ. ಆರನ್ನೂ ಬಿಡಿಬಿಡಿಯಾಗಿ ಎಣಿಸಿದರೆ ಹಾಡು ಎಳೆದಾಡಿ, ಎತ್ತರದ ಸಾಲು ಬರುವಷ್ಟರಲ್ಲಿ ಉಸಿರು ಮುಗಿದಿರುತ್ತದೆ. ಎರಡೇ ಪೆಟ್ಟು ಎಣಿಸಿ, ಆ ಸಾಲಿಗೆ ಮೊದಲು ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಳ್ಳಲಿ.