ಇಳಕಲ್ ಹಳೇ ಕ್ವಾರಿಯ ಗೋಡೆ ಮೇಲಿನ ಗೀರುಗಳು

ಇಳಕಲ್ ಕಡೆಯ ಕೈಬಿಟ್ಟ ಗ್ರಾನೈಟ್ ಕ್ವಾರಿಯ ಗೋಡೆ ಮೇಲೆ ಸಾಲಾಗಿ ಕಾಣುವ ಅರ್ಧ ಕೊಳವೆಯಂಥ ಗೀರು ಏನು, ಕೆಳಗೆ ಇಳಿಯಬಹುದಾ ಅಂತ ಕೇಳಿದ್ದೀರಿ. ಅವು ಡ್ರಿಲ್ ತೂತುಗಳು ನೋಡ್ರಿ. ಜಾಕ್‌ಹ್ಯಾಮರ್ ಅನ್ನೋ ಕಲ್ಲು ಕೊರೆಯುವ ಯಂತ್ರದಿಂದ ಸುಮಾರು 32 ಮಿ.ಮೀ. ಅಗಲದ ತೂತುಗಳನ್ನು ಒಂದೇ ಗೆರೆಯಲ್ಲಿ ಗೇಣುದ್ದ ಅಂತರಕ್ಕೆ ಕೊರೆದು, ಉಕ್ಕಿನ ಬೆಣೆ ಬಡಿದೋ ಸ್ವಲ್ಪ ಸಿಡಿಮದ್ದು ಇಟ್ಟೋ ಬಂಡೆ ಸೀಳುತ್ತಾರೆ. ಸೀಳು ತೂತಿನ ನಟ್ಟನಡುವೆ ಹಾಯುವುದರಿಂದ ತೂತಿನ ಅರ್ಧಭಾಗ ಸೀಳಿ ತೆಗೆದ ಕಲ್ಲಿನ ಬ್ಲಾಕಿನ ಜೊತೆ ಹೋಗುತ್ತದೆ, ಇನ್ನರ್ಧ ಗೋಡೆಯಲ್ಲಿ ಉಳಿಯುತ್ತದೆ. ಗೀರು ಅಂಚು ಮುರಿಯದೆ ಉದ್ದಕ್ಕೂ ಉಳಿದಿದ್ದರೆ ಕೆಲಸ ಹದವಾಗಿ ಆಗಿದೆ. ತೂತಿನಿಂದ ಸುತ್ತಲೂ ನಕ್ಷತ್ರದಂತೆ ಬಿರುಕು ಹರಡಿದ್ದರೆ ಮದ್ದು ಹೆಚ್ಚು ಬಿದ್ದಿದೆ. ಮಳೆನೀರು ಆ ಬಿರುಕಿಗೆ ಇಳಿದು ಚಕ್ಕೆ ಸಡಿಲಾಗುತ್ತದೆ, ಅಂಥ ಗೋಡೆ ಬುಡದಲ್ಲಿ ನಿಲ್ಲಲೇಬೇಡಿ. ಗೀರಿಲ್ಲದೆ ನುಣ್ಣಗಿದ್ದರೆ ಅದು ಡೈಮಂಡ್ ವೈರ್ ಗರಗಸದ, ಅಂದರೆ ವಜ್ರದ ಮಣಿ ಪೋಣಿಸಿದ ತಂತಿಯ, ಕೊಯ್ತ.

ನೀರು ನಿಂತ ಕಡೆ ಇಳಿಯಬೇಡಿ. ಕಲ್ಲನ್ನು ದೊಡ್ಡ ಮೆಟ್ಟಿಲಿನಂತೆ ಕಡಿದಿರುತ್ತಾರೆ. ಮೊಣಕಾಲುದ್ದ ನೀರಿನಿಂದ ಒಂದೇ ಹೆಜ್ಜೆ ಮುಂದೆ ಆಳು ಮುಳುಗುವಷ್ಟು ಆಳ, ನೆಟ್ಟಗಿನ ಗೋಡೆಯಲ್ಲಿ ಹಿಡಿದು ಹತ್ತಲು ಏನೂ ಸಿಗುವುದಿಲ್ಲ.

ಯಾವುದಾದರೂ ತೂತಿನಿಂದ ಬಣ್ಣದ ತೆಳು ವೈರೋ ಬತ್ತಿಯೋ ಚಾಚಿದ್ದರೆ ಅದು ಸಿಡಿಯದ ಮದ್ದು ಅಂತಲೇ ತಿಳಿಯಿರಿ. ಮುಟ್ಟಬೇಡಿ, ಎಳೆಯಬೇಡಿ, ಜಾಗ ನೆನಪಿಟ್ಟುಕೊಂಡು ದೂರ ಸರಿದು 112ಕ್ಕೆ ಫೋನ್ ಮಾಡಿ.