ಚೀನಾದ ನಾಯಕರ ಬಯೋಡೇಟಾ ನೋಡಿ ಮುಂದೆ ಯಾರು ಅಂತ ಹೇಳಬಹುದಾ?

ಎಂ.ಎ. ಪ್ರಬಂಧಕ್ಕಾಗಿ ಚೀನಾದ ಹಿರಿಯ ನಾಯಕರ ವಯಸ್ಸು, ಹುದ್ದೆ, ಪ್ರಾಂತ್ಯ ಎಲ್ಲ ಹಾಕಿ ಒಂದು ಕೋಷ್ಟಕ ಮಾಡಿದ್ದೀರಿ. ಯಾವ ಕಾಲಂಗೆ ಎಷ್ಟು ಅಂಕ ಕೊಟ್ಟರೆ ಮುಂದಿನ ನಾಯಕ ಸಿಗುತ್ತಾನೆ ಅಂತ ಕೇಳುತ್ತಿದ್ದೀರಿ. ಇಂಥದ್ದೇ ಕೋಷ್ಟಕ ನನ್ನ ಹತ್ತಿರವೂ ಇತ್ತು. ಅದನ್ನು ನಂಬಿ ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಕಳೆದುಕೊಂಡೆ.

2022ರಲ್ಲಿ ನಾನು ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯಲ್ಲಿದ್ದೆ. ಚೀನಾದಿಂದ ಮಾಲು ತರಿಸುವ ಕಂಪನಿಗಳಿಗೆ ಅಲ್ಲಿನ ರಾಜಕೀಯದ ಬಗ್ಗೆ ವರದಿ ಬರೆದುಕೊಡುವುದು ನನ್ನ ಪಾಲಿನ ಕೆಲಸ. ಆ ಅಕ್ಟೋಬರ್‌ನಲ್ಲಿ ಕಮ್ಯುನಿಸ್ಟ್ ಪಕ್ಷದ 20ನೇ ಮಹಾಧಿವೇಶನ ಇತ್ತು. ಷಿ ಜಿನ್‌ಪಿಂಗ್ ಮೂರನೇ ಅವಧಿಗೆ ಮುಂದುವರಿಯುತ್ತಾರೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಗ್ರಾಹಕರಿಗೆ ಬೇಕಿದ್ದದ್ದು ಬೇರೆ. ಲಿ ಕೆಕಿಯಾಂಗ್ ಎರಡು ಅವಧಿ ಮುಗಿಸಿ ಇಳಿಯುತ್ತಾರೆ, ಆಮೇಲೆ ಪ್ರಧಾನಿ ಯಾರು? ನಾನು ಬರೆದೆ: ಹು ಚುನ್‌ಹುವಾ, ಬಹುತೇಕ ಖಚಿತ.

ಅವರ ಬಯೋಡೇಟಾ ನೋಡಿದರೆ ನೀವೂ ಅದನ್ನೇ ಬರೆಯುತ್ತಿದ್ದಿರಿ. ಹುಟ್ಟಿದ್ದು 1963ರಲ್ಲಿ, ಹುಬೈ ಪ್ರಾಂತ್ಯದ ವುಫೆಂಗ್ ಅನ್ನುವ ಗುಡ್ಡಗಾಡು ಸೀಮೆಯ ಬಡ ಮನೆಯಲ್ಲಿ. 16ನೇ ವಯಸ್ಸಿಗೆ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಸೀಟು, ಅದೂ ಚೀನೀ ಸಾಹಿತ್ಯಕ್ಕೆ. 1983ರಲ್ಲಿ ಓದು ಮುಗಿದಾಗ ಬೀಜಿಂಗ್‌ನಲ್ಲೇ ಉಳಿಯಬಹುದಿತ್ತು. ತಾವಾಗಿಯೇ ಕೇಳಿಕೊಂಡು ಟಿಬೆಟ್‌ಗೆ ಹೋದರು. ನಡುವೆ ಕೆಲವು ವರ್ಷ ಬೀಜಿಂಗ್‌ನಲ್ಲಿದ್ದದ್ದು ಬಿಟ್ಟರೆ 2006ರವರೆಗೂ ಅಲ್ಲೇ. 1988ರಿಂದ 1992ರವರೆಗೆ ಟಿಬೆಟ್‌ನಲ್ಲಿ ಪಕ್ಷದ ಕಾರ್ಯದರ್ಶಿ ಆಗಿದ್ದವರು ಹು ಜಿಂಟಾವೊ, ಅಂದರೆ ಮುಂದೆ ದೇಶದ ಅಧ್ಯಕ್ಷರಾದವರು. ಇಬ್ಬರಿಗೂ ರಕ್ತ ಸಂಬಂಧ ಇಲ್ಲ. ಆದರೂ ಈ ಹುಡುಗನನ್ನು ಎಲ್ಲರೂ 'ಚಿಕ್ಕ ಹು' ಅಂತಲೇ ಕರೆದರು.

ಆಮೇಲೆ ಓಟವೇ ಓಟ. 2006ರ ಕೊನೆಗೆ ಪಕ್ಷದ ಯುವ ಸಂಘಟನೆ ಕಮ್ಯುನಿಸ್ಟ್ ಯೂತ್ ಲೀಗ್‌ನ ಮೊದಲ ಕಾರ್ಯದರ್ಶಿ. ಅದೇ ಕುರ್ಚಿಯಲ್ಲಿ ಹಿಂದೆ ಹು ಜಿಂಟಾವೊ, ಲಿ ಕೆಕಿಯಾಂಗ್ ಕೂತಿದ್ದರು. 2008ರಲ್ಲಿ ಹೆಬೈ ಪ್ರಾಂತ್ಯದ ಗವರ್ನರ್. ಹೋದ ಕೆಲವೇ ತಿಂಗಳಿಗೆ ಸಾನ್ಲು ಕಂಪನಿಯ ಹಾಲಿನ ಪುಡಿಯ ಹಗರಣ ಸ್ಫೋಟವಾಯಿತು. ಮೆಲಮೈನ್ ಅನ್ನುವ ರಾಸಾಯನಿಕ ಬೆರೆಸಿದ ಪುಡಿ ಕುಡಿದು ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, 6 ಕೂಸುಗಳು ಸತ್ತವು. ಆ ಕಂಪನಿ ಇದ್ದದ್ದು ಹೆಬೈ ರಾಜಧಾನಿ ಶಿಜಿಯಾಝುವಾಂಗ್‌ನಲ್ಲಿ. ನಗರದ ಮೇಯರ್ ಹೋದರು, ಪಕ್ಷದ ಕಾರ್ಯದರ್ಶಿಯೂ ಹೋದರು. ಹು ಉಳಿದರು. ಮುಂದಿನ ವರ್ಷ ಒಳ ಮಂಗೋಲಿಯಾಗೆ ಪಕ್ಷದ ಕಾರ್ಯದರ್ಶಿಯಾಗಿ ಬಡ್ತಿ. (ಚೀನಾದ ಪ್ರಾಂತ್ಯದಲ್ಲಿ ಗವರ್ನರ್‌ಗಿಂತ ಪಕ್ಷದ ಕಾರ್ಯದರ್ಶಿ ದೊಡ್ಡವರು. ನಿಮಗೆ ಗೊತ್ತಿರುತ್ತದೆ, ಬೇರೆ ಓದುಗರಿಗಾಗಿ ಹೇಳಿದೆ.)

ಅಲ್ಲಿ 2011ರ ಮೇನಲ್ಲಿ ಕಲ್ಲಿದ್ದಲು ಲಾರಿಗಳನ್ನು ತಡೆಯಲು ಹೋದ ಒಬ್ಬ ಮಂಗೋಲ್ ಕುರಿಗಾಹಿಯ ಮೇಲೆ ಲಾರಿ ಹರಿಸಿ ಕೊಂದರು. ವಿದ್ಯಾರ್ಥಿಗಳು ಬೀದಿಗೆ ಬಂದರು. ಹು ಒಂದು ಕಡೆ ಪೊಲೀಸರನ್ನು ತುಂಬಿಸಿದರು, ಇಂಟರ್ನೆಟ್ ಬಿಗಿ ಮಾಡಿಸಿದರು. ಇನ್ನೊಂದು ಕಡೆ ತಾವೇ ಹೋಗಿ ವಿದ್ಯಾರ್ಥಿಗಳು, ಮೇಷ್ಟ್ರುಗಳ ಜೊತೆ ಕೂತು ನ್ಯಾಯ ಕೊಡಿಸುತ್ತೇನೆ ಅಂದರು. ಮುಂದಿನ ತಿಂಗಳೇ ಚಾಲಕನಿಗೆ ಮರಣದಂಡನೆಯ ತೀರ್ಪು ಬಂತು. ಗಲಾಟೆ ತಣ್ಣಗಾಯಿತು. ಬೀಜಿಂಗ್‌ಗೆ ಬೇಕಿದ್ದದ್ದು ಅದೇ ಅಲ್ವಾ?

2012ರ ನವೆಂಬರ್‌ನಲ್ಲಿ ಪಾಲಿಟ್‌ಬ್ಯೂರೊ, ಅಂದರೆ ಪಕ್ಷದ 25 ಹಿರಿಯ ನಾಯಕರ ಕೂಟ ಸೇರಿದಾಗ ಅವರಿಗೆ 49. ಅದೇ ವಯಸ್ಸಿನ ಸುನ್ ಝೆಂಗ್‌ಕಾಯ್ ಕೂಡ ಜೊತೆಗೇ ಸೇರಿದರು. ಸುನ್‌ಗೆ ಚೊಂಗ್‌ಚಿಂಗ್ ಮಹಾನಗರ, ಹುಗೆ ದೇಶದ ಅತಿ ಶ್ರೀಮಂತ ಪ್ರಾಂತ್ಯ ಗುವಾಂಗ್‌ದಾಂಗ್. ಷಿ ಎರಡು ಅವಧಿ ಮುಗಿಸಿದ ಮೇಲೆ ಈ ಇಬ್ಬರಲ್ಲಿ ಒಬ್ಬರು ಅಧ್ಯಕ್ಷ, ಇನ್ನೊಬ್ಬರು ಪ್ರಧಾನಿ ಅಂತ ಎಲ್ಲ ಪಂಡಿತರೂ ಬರೆದರು. ಗುವಾಂಗ್‌ದಾಂಗ್‌ನಲ್ಲೂ ಹು ಕೆಲಸ ಚುರುಕಾಗಿಯೇ ಇತ್ತು. 2013ರ ಡಿಸೆಂಬರ್‌ನಲ್ಲಿ ಬೋಶೆ ಅನ್ನುವ ಒಂದೇ ಹಳ್ಳಿಗೆ ಸುಮಾರು 3,000 ಪೊಲೀಸರು ನುಗ್ಗಿ 3 ಟನ್‌ನಷ್ಟು ಮಾದಕ ವಸ್ತು ಹಿಡಿದರು. ಹಳ್ಳಿಯ ಪಕ್ಷದ ಕಾರ್ಯದರ್ಶಿಯೇ ಆ ದಂಧೆಯಲ್ಲಿ ಸಿಕ್ಕಿಬಿದ್ದ.

2017ರ ಜುಲೈನಲ್ಲಿ ಸುನ್ ಬಿದ್ದರು. ಮೊದಲು ತನಿಖೆ, ಮರು ವರ್ಷ ಜೀವಾವಧಿ ಶಿಕ್ಷೆ. ಲಂಚದ ಮೊತ್ತ 17 ಕೋಟಿ ಯುವಾನ್. ಹು ಮೇಲೆ ಒಂದು ಕಪ್ಪು ಚುಕ್ಕೆಯೂ ಇಲ್ಲ. 2018ರಲ್ಲಿ ಉಪಪ್ರಧಾನಿಯಾದರು. ಕೃಷಿ, ಬಡತನ ನಿವಾರಣೆ ಅವರ ಖಾತೆ. ದೇಶದಲ್ಲಿ ಕಡು ಬಡತನ ಮುಗಿಯಿತು ಅಂತ 2021ರ ಫೆಬ್ರವರಿಯಲ್ಲಿ ಷಿ ಘೋಷಿಸಿದರಲ್ಲ, ಅದರ ಹಿಂದಿನ ಓಡಾಟ ಹುದು.

ಈಗ ನನ್ನ ಲೆಕ್ಕ. ಸ್ವಲ್ಪ ಉದ್ದ ಆಗುತ್ತದೆ, ಆದರೆ ನೀವು ಎಡವುವುದು ಇಲ್ಲೇ.

ಅಲ್ಲಿಯವರೆಗೆ ಪ್ರಧಾನಿಯಾದವರಲ್ಲಿ ಮೊಟ್ಟ ಮೊದಲಿಗರಾದ ಝೌ ಎನ್‌ಲಾಯ್ ಬಿಟ್ಟು ಎಲ್ಲರೂ ಮೊದಲು ಉಪಪ್ರಧಾನಿ ಆಗಿದ್ದವರು. ಹುವಾ ಗುವೊಫೆಂಗ್, ಝಾವೊ ಝಿಯಾಂಗ್, ಲಿ ಪೆಂಗ್, ಝು ರೋಂಗ್‌ಜಿ, ವೆನ್ ಜಿಯಾಬಾವೊ, ಲಿ ಕೆಕಿಯಾಂಗ್. 2022ರಲ್ಲಿ ಇದ್ದ ಉಪಪ್ರಧಾನಿಗಳು ನಾಲ್ವರು. ಹಾನ್ ಝೆಂಗ್‌ಗೆ 68, ಲಿಯು ಹೆಗೆ 70, ಸುನ್ ಚುನ್ಲಾನ್‌ಗೆ 72. ಅಧಿವೇಶನದ ಹೊತ್ತಿಗೆ 67 ಆಗಿದ್ದರೆ ಉಳಿಯಬಹುದು, 68 ಆಗಿದ್ದರೆ ಮನೆಗೆ ಹೋಗಬೇಕು ಅನ್ನುವ ರೂಢಿ ಇತ್ತು. ಉಳಿದವರು ಹು ಒಬ್ಬರೇ, 59. ಹಿಂದೆ ಉಪಪ್ರಧಾನಿ ಆಗಿದ್ದ ವಾಂಗ್ ಯಾಂಗ್‌ಗೆ ಸರಿಯಾಗಿ 67, ಅವರನ್ನು ಎರಡನೇ ಹೆಸರಾಗಿ ಹಾಕಿದೆ. ನನ್ನ ತಂದೆ ಸರ್ಕಾರಿ ನೌಕರರು. ಕಚೇರಿಯ ಜ್ಯೇಷ್ಠತಾ ಪಟ್ಟಿ ನೋಡಿ ಯಾರಿಗೆ ಯಾವಾಗ ಬಡ್ತಿ ಅಂತ ಅವರು ಮನೆಯಲ್ಲೇ ಕೂತು ಹೇಳುತ್ತಿದ್ದರು. ಪಾಲಿಟ್‌ಬ್ಯೂರೊವನ್ನು ನಾನು ಹಾಗೇ ಓದಿದ್ದೆ.

ನಮ್ಮ ಸೀನಿಯರ್ ಒಬ್ಬರು ನನ್ನ ಕರಡಿಗೆ ಒಂದು ಸಾಲು ಸೇರಿಸಿದ್ದರು: ಶಾಂಘೈನ ಲಿ ಕಿಯಾಂಗ್ ಹೆಸರೂ ಕೇಳಿಬರುತ್ತಿದೆ. ನಾನು ಅದನ್ನು ಹೊಡೆದು ಹಾಕಿದೆ. ಲಿ ಕಿಯಾಂಗ್ ಒಂದು ದಿನವೂ ಉಪಪ್ರಧಾನಿ ಆಗಿದ್ದವರಲ್ಲ. ಅದೂ ಅಲ್ಲದೆ ಆ ವರ್ಷದ ವಸಂತದಲ್ಲಿ ಶಾಂಘೈ ಲಾಕ್‌ಡೌನ್‌ನಲ್ಲಿ ಜನ ತರಕಾರಿಗೆ ಪರದಾಡಿದ್ದನ್ನು ಜಗತ್ತೇ ನೋಡಿತ್ತು. ಅಂಥವರಿಗೆ ಪ್ರಧಾನಿ ಪಟ್ಟವಾ ಅಂತ ವಾದ ಮಾಡಿದೆ. ಸೀನಿಯರ್ ಸುಮ್ಮನಾದರು.

ಅಕ್ಟೋಬರ್ 22ಕ್ಕೆ ಪಾಲಿಟ್‌ಬ್ಯೂರೊಗಿಂತ ಒಂದು ಮೆಟ್ಟಿಲು ಕೆಳಗಿನ ಕೇಂದ್ರ ಸಮಿತಿಯ ಪಟ್ಟಿ ಬಂತು. ಲಿ ಕೆಕಿಯಾಂಗ್ ಇಲ್ಲ, ವಾಂಗ್ ಯಾಂಗ್ ಇಲ್ಲ. ಇಬ್ಬರಿಗೂ 67. ಹು ಹೆಸರು ಇತ್ತು, ನಾನು ಖುಷಿಪಟ್ಟೆ. ಮಾರನೇ ದಿನ ಪಾಲಿಟ್‌ಬ್ಯೂರೊ ಪಟ್ಟಿ ಬಂತು. 25 ಜನ ಇರಬೇಕಾದ ಕಡೆ 24. ಹು ಅದರಲ್ಲೇ ಇಲ್ಲ. ಎಲ್ಲಕ್ಕಿಂತ ಮೇಲಿನ ಏಳು ಜನರ ಸ್ಥಾಯಿ ಸಮಿತಿ ವೇದಿಕೆಗೆ ಬರುವಾಗ ಷಿ ಹಿಂದೆಯೇ ನಡೆದು ಬಂದವರು ಲಿ ಕಿಯಾಂಗ್, ಅಂದರೆ ಎರಡನೇ ಸ್ಥಾನ, ಮುಂದಿನ ಪ್ರಧಾನಿ ಅವರೇ. 68 ದಾಟಿದವರು ಹೋಗಬೇಕಿತ್ತಲ್ಲ, 69ರ ವಾಂಗ್ ಯಿ ಮತ್ತು 72ರ ಝಾಂಗ್ ಯೂಶಿಯಾ ಪಾಲಿಟ್‌ಬ್ಯೂರೊದಲ್ಲಿ ಆರಾಮಾಗಿ ಕೂತಿದ್ದರು. ಸಂಸ್ಥೆಯಲ್ಲಿ ನನ್ನನ್ನು ಯಾರೂ ಬೈಯಲಿಲ್ಲ. ಚೀನಾ ಕೆಲಸ ತೆಗೆದುಕೊಂಡು ಹಡಗಿನ ಬಾಡಿಗೆ ದರ ತುಂಬಿಸುವ ಕೆಲಸಕ್ಕೆ ಹಾಕಿದರು. ಕೆಲವು ತಿಂಗಳಲ್ಲಿ ನಾನೇ ಬಿಟ್ಟೆ.

ಊಹೆ ತಪ್ಪಾದದ್ದಕ್ಕೆ ನನಗೆ ಬೇಜಾರಿಲ್ಲ. ಬಹಳ ಜನರದ್ದು ತಪ್ಪಾಯಿತು. ಉತ್ತರ ನನ್ನ ಕಂಪ್ಯೂಟರ್‌ನಲ್ಲೇ ಇತ್ತು ಅನ್ನುವುದು ಹೊಟ್ಟೆ ಉರಿಸುತ್ತದೆ. 2017ರ ಅಧಿವೇಶನ ಮುಗಿದ ಮೇಲೆ ಸರ್ಕಾರಿ ಸುದ್ದಿ ಸಂಸ್ಥೆ ಶಿನ್ಹುವಾ ಒಂದು ಉದ್ದದ ಲೇಖನ ಹಾಕಿತ್ತು. 2007 ಮತ್ತು 2012ರಲ್ಲಿ ಪಾಲಿಟ್‌ಬ್ಯೂರೊಗೆ ಯಾರು ಬೇಕು ಅಂತ ಹಿರಿಯ ಅಧಿಕಾರಿಗಳಿಂದ ಚೀಟಿ ಹಾಕಿಸಿ ಅಭಿಪ್ರಾಯ ಕೇಳುತ್ತಿದ್ದರು. ಸುನ್ ಝೆಂಗ್‌ಕಾಯ್ ಥರದವರು ಇದರಲ್ಲಿ ಓಟು ಕೇಳಿಕೊಂಡು ತಿರುಗಿದರು, ಹಾಗಾಗಿ ಈ ಸಲ ಅದನ್ನು ಕೈಬಿಟ್ಟು ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದ್ದೇವೆ ಅಂತ ಅದರಲ್ಲಿತ್ತು. ಷಿ ಅವರೇ ಹಲವರ ಜೊತೆ ಮಾತಾಡಿದ್ದಾರೆ ಅಂತಲೂ ಇತ್ತು. ಅದನ್ನು ಓದಿ ಗೆರೆ ಎಳೆದು ಇಟ್ಟುಕೊಂಡಿದ್ದೆ. ಕಚೇರಿಯ ಕಾರ್ಯವಿಧಾನ ಬದಲಾಗಿದೆ, ಅಷ್ಟೇ ಅಂದುಕೊಂಡೆ. ಆಯ್ಕೆ ಮಾಡುವವರೇ ಬದಲಾಗಿದ್ದಾರೆ ಅಂತ ತಲೆಗೆ ಹೋಗಲಿಲ್ಲ. ಹಲವು ಬಣಗಳು ಕೂಡಿ ಒಪ್ಪಬೇಕಿದ್ದಾಗ ಹುಟ್ಟಿದ ರೂಢಿಗಳು ಆ ಉಪಪ್ರಧಾನಿ ಲೆಕ್ಕ, ಈ 67-68ರ ಲೆಕ್ಕ. ಒಪ್ಪಿಸಬೇಕಾದ ಬಣಗಳೇ ಇಲ್ಲ ಅಂದಮೇಲೆ ರೂಢಿ ಯಾರಿಗೆ ಬೇಕು? 2018ರ ಮಾರ್ಚ್‌ನಲ್ಲಿ ಅಧ್ಯಕ್ಷರಿಗೆ ಎರಡೇ ಅವಧಿ ಅನ್ನುವ ಮಾತನ್ನು ಸಂವಿಧಾನದಿಂದಲೇ ತೆಗೆದರು. ಬರೆದಿಟ್ಟ ನಿಯಮಕ್ಕೇ ಆ ಗತಿ. ಬರೆಯದ ರೂಢಿ ಉಳಿಯುತ್ತದೆ ಅಂತ ನಾನು ನಂಬಿದ್ದೆ.

ಕೆಲಸ ಬಿಟ್ಟ ಮೇಲೆ ಆ ಶೀಟ್‌ಗೆ ಒಂದು ಕಾಲಂ ಸೇರಿಸಿದೆ: ಈ ಹುದ್ದೆ ಸಿಕ್ಕಾಗ ಮೇಲೆ ಇದ್ದವರು ಯಾರು? ಹು ಚುನ್‌ಹುವಾ ಸಾಲು ತುಂಬಿಸುತ್ತಿದ್ದಂತೆ ಬೆವರು ಬಂತು. ಯೂತ್ ಲೀಗ್, ಹೆಬೈ, ಒಳ ಮಂಗೋಲಿಯಾ, ಪಾಲಿಟ್‌ಬ್ಯೂರೊ, ಎಲ್ಲವೂ ಹು ಜಿಂಟಾವೊ ಕಾಲದ್ದು. ಗುವಾಂಗ್‌ದಾಂಗ್ ಸಿಕ್ಕಿದ್ದು ಆ ಪಾಲಿಟ್‌ಬ್ಯೂರೊ ಸೀಟಿನ ಜೊತೆಗೇ. 2012ರ ನಂತರ ಹತ್ತು ವರ್ಷ ಒಂದು ಮೆಟ್ಟಿಲೂ ಏರಿಲ್ಲ. ಉಪಪ್ರಧಾನಿ ಪಟ್ಟ ನೋಡಲು ಬಡ್ತಿ, ನಿಜದಲ್ಲಿ ಅದೇ ದರ್ಜೆ. ಲಿ ಕಿಯಾಂಗ್ ಸಾಲು ನೋಡಿ. ಷಿ ಝೆಜಿಯಾಂಗ್ ಪ್ರಾಂತ್ಯ ನಡೆಸುತ್ತಿದ್ದಾಗ ಅವರ ಪಕ್ಷದ ಕಚೇರಿ ನೋಡಿಕೊಂಡವರು ಇವರೇ. ಷಿ ಬಂದ ಮೇಲೆ ಝೆಜಿಯಾಂಗ್ ಗವರ್ನರ್, ಜಿಯಾಂಗ್ಸು, ಶಾಂಘೈ, ಸರಸರ. ಸ್ಥಾಯಿ ಸಮಿತಿಗೆ ಬಂದ ಕಾಯ್ ಚಿ ಅಂತೂ 2017ರವರೆಗೆ ಕೇಂದ್ರ ಸಮಿತಿಯ ಓಟಿಲ್ಲದ ಪರ್ಯಾಯ ಸದಸ್ಯರೂ ಅಲ್ಲ. ಆ ವರ್ಷ ಸೀದಾ ಪಾಲಿಟ್‌ಬ್ಯೂರೊಗೆ ಬಂದರು.

ಹಾಗಾದರೆ ಆ ಕಾಲಂಗೆ ಜಾಸ್ತಿ ಅಂಕ ಕೊಡಲಾ ಅಂತ ಕೇಳಬೇಡಿ. ಆ ಕಾಲಂನಲ್ಲಿ ಈಗ ಎಲ್ಲರ ಮುಂದೆಯೂ ಒಂದೇ ಹೆಸರು ಇದೆ, ಷಿ. ಎಲ್ಲರಿಗೂ ಪೂರ್ತಿ ಅಂಕ ಬಂದರೆ ಅದು ಯಾವ ಪರೀಕ್ಷೆ? ಮುಂದಿನ ನಾಯಕ ಯಾರು ಅನ್ನುವ ಪ್ರಶ್ನೆಯನ್ನೇ ಬಿಡಿ ಅನ್ನುತ್ತೇನೆ. ಗೈಡ್ ಒತ್ತಾಯ ಮಾಡಿದರೂ ಬಿಡಿ.

ಬೇರೆ ಪ್ರಶ್ನೆ ಇದೆ, ಅದು ಚೆನ್ನಾಗಿದೆ. ನಮ್ಮಲ್ಲಿ ಟಿಕೆಟ್ ತಪ್ಪಿದವರು ಪಕ್ಷ ಬಿಡುತ್ತಾರೆ, ಬಂಡಾಯ ನಿಲ್ಲುತ್ತಾರೆ, ಕ್ಷೇತ್ರದ ಜನರನ್ನು ಕರೆದುಕೊಂಡು ರಸ್ತೆಯಲ್ಲಿ ಕೂರುತ್ತಾರೆ. ಒಂದೇ ಪಕ್ಷದ ದೇಶದಲ್ಲಿ 59ಕ್ಕೆ ದಾರಿ ಮುಚ್ಚಿದವರು ಎಲ್ಲಿಗೆ ಹೋಗಬೇಕು? ಹು 2023ರ ಮಾರ್ಚ್‌ನಲ್ಲಿ ರಾಜಕೀಯ ಸಲಹಾ ಸಮ್ಮೇಳನದ ಉಪಾಧ್ಯಕ್ಷರಾದರು. ಅಂಥ ಉಪಾಧ್ಯಕ್ಷರು ಅಲ್ಲಿ ಇಪ್ಪತ್ತಕ್ಕೂ ಹೆಚ್ಚು. ಕಮ್ಯುನಿಸ್ಟ್ ಪಕ್ಷದ ನಾಯಕತ್ವ ಒಪ್ಪಿಕೊಂಡ ಎಂಟು ಸಣ್ಣ ಪಕ್ಷಗಳು ಕೂರುವ ಸಭೆ ಅದು. ಅವರು ಜೈಲಿಗೆ ಹೋಗಲಿಲ್ಲ, ಗೃಹಬಂಧನವೂ ಇಲ್ಲ. ಕಾರು, ದರ್ಜೆ, ವಿದೇಶ ಪ್ರವಾಸ ಎಲ್ಲ ಇದೆ. ಸುನ್ ಝೆಂಗ್‌ಕಾಯ್ ಪಕ್ಕ ಇಟ್ಟು ನೋಡಿದರೆ ಇದು ಗೆಲುವು ಅಂತಲೂ ಅನಿಸುತ್ತದೆ. ಒಂದೇ ದಿನ ಪಾಲಿಟ್‌ಬ್ಯೂರೊ ಸೇರಿದ ಒಂದೇ ವಯಸ್ಸಿನ ಇಬ್ಬರು ಎಲ್ಲಿಗೆ ತಲುಪಿದರು ಅಂತ ಬರೆಯಿರಿ. ಸುನ್ ಕೃಷಿ ಮಂತ್ರಿ ಆಗಿದ್ದವರು, ಹು ಕೃಷಿ ನೋಡಿಕೊಂಡ ಉಪಪ್ರಧಾನಿ. ಹೋಲಿಸಲು ಕೈತುಂಬ ಸರಕಿದೆ.

ಅವಧಿ 2006ರಿಂದ 2023 ಇಟ್ಟುಕೊಂಡರೆ ಸಾಕು. ಭಾಷಣಗಳನ್ನು ಓದುತ್ತಾ ಕೂರಬೇಡಿ, ಎಲ್ಲರದ್ದೂ ಒಂದೇ ಥರ ಇರುತ್ತದೆ. ಅದರ ಬದಲು ಅವರ ಸುತ್ತ ಏನಾದರೂ ಹೊತ್ತಿಕೊಂಡಾಗ ಏನು ಮಾಡಿದರು ನೋಡಿ: ಹೆಬೈ ಹಾಲು, ಬೋಶೆ ಹಳ್ಳಿ, ಒಳ ಮಂಗೋಲಿಯಾದ ಆ ಮೇ ತಿಂಗಳು. ನಾನಾದರೆ ಕೊನೆಯದರಿಂದ ಶುರು ಮಾಡುತ್ತೇನೆ. ವಿದೇಶಿ ಪತ್ರಕರ್ತರು ಆಗ ಅಲ್ಲಿಗೆ ಹೋಗಿದ್ದರು, ಇಂಗ್ಲಿಷ್ ವರದಿಗಳು ಧಾರಾಳವಾಗಿ ಸಿಗುತ್ತವೆ, ಚೀನೀ ಭಾಷೆ ಬರದಿದ್ದರೂ ಮೊದಲ ಅಧ್ಯಾಯ ಮುಗಿಸಬಹುದು.