ನಟನೆ ಬಿಟ್ಟರೆ ಮಾತ್ರ ನನ್ನ ಹಾಡನ್ನು ಜನ ಗಂಭೀರವಾಗಿ ಕೇಳುತ್ತಾರಾ?

ಹತ್ತು ವರ್ಷ ಸೀರಿಯಲ್‌ಗಳಲ್ಲಿ ನಟಿಸಿದ್ದೀರಿ. ಈಗ ಸ್ವಂತ ಹಾಡು ಬರೆಯುತ್ತಿದ್ದೀರಿ, ಮೂರು ಹಾಡು ಗೆಳೆಯರ ಕೋಣೆಯಲ್ಲಿ ರೆಕಾರ್ಡ್ ಕೂಡ ಆಗಿವೆ. ನಟನೆ ಬಿಡಬೇಕಾ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಎರಡು ವರ್ಷ ನಿದ್ದೆ ಕೆಡಿಸಿಕೊಂಡೆ. ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇತ್ತು.

ನಾನು ಹದಿನಾಲ್ಕನೇ ವಯಸ್ಸಿಗೇ ಕ್ಯಾಮೆರಾ ಮುಂದೆ ಬಂದವಳು. ಶೂಟಿಂಗ್ ಅಂದರೆ ನಿಮಗೆ ಗೊತ್ತೇ ಇದೆ. ಹೋಗು, ಮೇಕಪ್ ಹಾಕಿಸಿಕೋ, ಡೈಲಾಗ್ ಹೇಳು, ಪ್ಯಾಕಪ್. ದಿನದ ಲೆಕ್ಕದಲ್ಲಿ ದುಡ್ಡು. ಆ ದೃಶ್ಯ ಆಮೇಲೆ ಯಾರ ಆಸ್ತಿ, ಎಷ್ಟು ಸಲ ಪ್ರಸಾರವಾಯಿತು ಅಂತ ನಾನು ಯಾವತ್ತೂ ಕೇಳಿದವಳಲ್ಲ. ಈ ಅಭ್ಯಾಸವೇ ಮುಂದೆ ನನಗೆ ಮುಳುವಾಯಿತು.

ಶಾಟ್‌ಗೆ ಕಾಯುವಾಗ ಸ್ಕ್ರಿಪ್ಟ್ ಹಾಳೆಯ ಹಿಂದೆ ಹಾಡು ಬರೆಯುತ್ತಿದ್ದೆ. ನಮ್ಮ ಸೀರಿಯಲ್‌ಗೆ ಹಿನ್ನೆಲೆ ಸಂಗೀತ ಮಾಡುತ್ತಿದ್ದ ಗೆಳೆಯರೊಬ್ಬರ ಮನೆಯಲ್ಲಿ ಮೈಕ್ ಇತ್ತು. ಅಲ್ಲಿ ಹಾಡಿದ ಮೊದಲ ಆರು ಟೇಕ್ ಪೂರ್ತಿ ವ್ಯರ್ಥ. ದುಃಖದ ಸಾಲು ಬಂದ ಕೂಡಲೇ ನಾನು ಪಾತ್ರ ಮಾಡುತ್ತಿದ್ದೆ. ನಾಟಕದಲ್ಲಿ ಕೊನೆಯ ಸಾಲಿನವರಿಗೂ ಕೇಳುವಂತೆ ಧ್ವನಿ ಎಸೆಯೋದು ಕಲಿತಿದ್ದೆ. ಮೈಕ್ ಇರೋದು ಗೇಣು ದೂರದಲ್ಲಿ. ಉಸಿರೆಳೆದದ್ದೂ ಅದಕ್ಕೆ ಕೇಳುತ್ತದೆ, ಸುಳ್ಳು ಅಳುವೂ ಕೇಳುತ್ತದೆ. ಏಳನೇ ಟೇಕ್‌ನಲ್ಲಿ ಸುಸ್ತಾಗಿ ಸುಮ್ನೆ ಮಾತಾಡಿದ ಹಾಗೆ ಹಾಡಿದೆ. ಅದೇ ಉಳಿಯಿತು.

ಮುಗಿದ ಮೇಲೆ ಅವರಿಗೆ ಒಂದಿಷ್ಟು ದುಡ್ಡು ಕೊಟ್ಟೆ. "ಆ್ಯಪ್‌ಗಳಿಗೆ ನಾನೇ ಹಾಕ್ತೀನಿ ಬಿಡಿ, ನನ್ನ ಹತ್ರ ಅಕೌಂಟ್ ಇದೆ" ಅಂದರು. ಸರಿ ಅಂದೆ. ನನ್ನ ತಪ್ಪು ಆ ಒಂದು "ಸರಿ". ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತವೆ. ಸಾಹಿತ್ಯ ಮತ್ತು ಟ್ಯೂನ್ ಒಂದು. ಆ ದಿನ ಆ ಕೋಣೆಯಲ್ಲಿ ರೆಕಾರ್ಡ್ ಆದ ಧ್ವನಿ, ಅಂದರೆ ಮಾಸ್ಟರ್, ಇನ್ನೊಂದು. ಮೊದಲನೆಯದು ನನ್ನದು, ನಾನೇ ಬರೆದದ್ದು. ಎರಡನೆಯದರ ಬಗ್ಗೆ ನಾವು ಒಂದು ಸಾಲೂ ಬರೆದುಕೊಳ್ಳಲಿಲ್ಲ. ಹಾಡು ಆ್ಯಪ್‌ಗಳಲ್ಲಿ ಬಂದಾಗ ಗಾಯಕಿಯ ಜಾಗದಲ್ಲಿ ನನ್ನ ಹೆಸರಿತ್ತು. ಕೆಳಗೆ, ಪಿ ಅಕ್ಷರಕ್ಕೆ ಸುತ್ತು ಹಾಕಿದ ಗುರುತಿನ ಪಕ್ಕ, ಅವರ ಹೆಸರಿತ್ತು. ಅದು ರೆಕಾರ್ಡಿಂಗ್‌ನ ಮಾಲೀಕರ ಗುರುತು. ನಾನು ಅದನ್ನು ನೋಡಿದೆ. ಏನು ಅಂತ ಕೇಳಲಿಲ್ಲ.

ಎರಡು ವರ್ಷದ ಮೇಲೆ ಒಂದು ಸಣ್ಣ ಸಿನಿಮಾದವರು ಕೊನೆಯ ದೃಶ್ಯಕ್ಕೆ ಆ ಹಾಡು ಕೇಳಿದರು. ಸಿನಿಮಾದಲ್ಲಿ ಬಳಸಬೇಕಾದರೆ ಎರಡೂ ಆಸ್ತಿಗೆ ಅನುಮತಿ ಬೇಕು. ನಾನು ಅವತ್ತೇ ಒಪ್ಪಿದೆ. ಗೆಳೆಯರು ಅರ್ಧ ಪಾಲು ಕೇಳಿದರು, ಅದೂ ಸಾಹಿತ್ಯ, ಟ್ಯೂನ್ ಎಲ್ಲ ಸೇರಿಸಿ. ಅವರು ಮೋಸಗಾರರಲ್ಲ. ಡ್ರಮ್ಸ್, ಗಿಟಾರ್, ಮಿಕ್ಸಿಂಗ್ ಎಲ್ಲ ಅವರದ್ದೇ. ನಾನು ಕೊಟ್ಟ ದುಡ್ಡು ನನ್ನ ಲೆಕ್ಕದಲ್ಲಿ ಅವರ ಪೂರ್ತಿ ಸಂಭಾವನೆ, ಅವರ ಲೆಕ್ಕದಲ್ಲಿ ಬರೀ ಸ್ಟುಡಿಯೋ ಖರ್ಚು. ಇಬ್ಬರೂ ನೆನಪಿನಿಂದ ಮಾತಾಡುತ್ತಿದ್ದೆವು, ಇಬ್ಬರಿಗೂ ಬೇರೆ ಬೇರೆ ನೆನಪು. ಮೂರು ವಾರ ಹೀಗೇ ಎಳೆಯಿತು. ಅಷ್ಟರಲ್ಲಿ ಸಿನಿಮಾದವರ ಎಡಿಟಿಂಗ್ ಮುಗಿದು, ಅವರು ಬೇರೆ ಹಾಡು ಹಾಕಿಕೊಂಡರು. ಗೆಳೆತನವೂ ಅಲ್ಲಿಗೇ ನಿಂತಿತು. ನನಗೆ ಇವತ್ತಿಗೂ ಜಾಸ್ತಿ ನೋವು ಅದರದ್ದೇ.

ಮತ್ತೆ ಹಾಡಿ ರೆಕಾರ್ಡ್ ಮಾಡಿದರೆ ಆಯಿತಲ್ಲ ಅನ್ನಬಹುದು. ಮಾಡಿದೆ. ಪ್ರತಿ ರೆಕಾರ್ಡಿಂಗ್‌ಗೂ ಐಎಸ್‌ಆರ್‌ಸಿ ಅಂತ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಹೊಸ ರೆಕಾರ್ಡಿಂಗ್‌ಗೆ ಹೊಸ ಗುರುತು, ಹಾಗಾಗಿ ಕೇಳುಗರ ಲೆಕ್ಕ ಸೊನ್ನೆಯಿಂದ ಶುರು. ಹಳೆಯದು ಅವರ ಅಕೌಂಟ್‌ನಲ್ಲೇ ಇದೆ, ಹುಡುಕಿದವರಿಗೆ ಮೊದಲು ಸಿಗೋದೂ ಅದೇ.

ಈಗ ನಿಮ್ಮ ಪ್ರಶ್ನೆ. ನಟನೆ ಬಿಟ್ಟರೆ ಗಂಭೀರವಾಗಿ ಕೇಳುತ್ತಾರೆ ಅನ್ನೋದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಜೆನ್ನಿ ಲೂಯಿಸ್ ಬಾಲನಟಿಯಾಗಿದ್ದವರು. ನಟನೆಯಿಂದ ದೂರವಾಗಿ 1998ರಲ್ಲಿ ರೈಲೋ ಕೈಲಿ ಬ್ಯಾಂಡ್ ಕಟ್ಟಿದರು, 2006ರಲ್ಲಿ ಸ್ವಂತ ಆಲ್ಬಂ ತಂದರು. ಅಲ್ಲಿನದ್ದೇ 'ಸ್ಟ್ರೇಂಜರ್ ಥಿಂಗ್ಸ್' ಸೀರೀಸ್‌ನ ನಟ ಜೋ ಕೀರಿ ನಟನೆ ಬಿಡಲೇ ಇಲ್ಲ. ಜೋ ಅನ್ನುವ ಹೆಸರನ್ನೇ ಡಿ-ಜೆ-ಓ ಅಂತ ಬರೆದುಕೊಂಡು, ವಿಗ್ಗು ಕನ್ನಡಕ ಹಾಕಿಕೊಂಡು ಹಾಡಿದರು. 2022ರ ಅವರ ಆಲ್ಬಂನ ಒಂದು ಹಾಡು 2024ರಲ್ಲಿ ಲೋಕವೆಲ್ಲ ಹಬ್ಬಿತು. ಒಬ್ಬರು ಬಿಟ್ಟರು, ಒಬ್ಬರು ಬಿಡಲಿಲ್ಲ. ಹಾಡು ಇಬ್ಬರದ್ದೂ ನಿಂತಿತು ಅಲ್ವಾ?

ದುಡ್ಡಿನ ಕಡೆಯಿಂದ ನೋಡಿದರೂ ಬಿಡಬೇಡಿ. ಹಾಡು ಕೇಳುವ ಆ್ಯಪ್ ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಪ್ಲೇ ಅಂತ ಲೆಕ್ಕ. 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಪ್ಲೇ ಆಗದ ಹಾಡಿನ ರೆಕಾರ್ಡಿಂಗ್‌ಗೆ ರಾಯಲ್ಟಿಯೇ ಇಲ್ಲ. ಮೊದಲ ಕೆಲವು ವರ್ಷ ನಿಮ್ಮ ರೆಕಾರ್ಡಿಂಗ್ ಖರ್ಚು ನಟನೆಯಿಂದಲೇ ಬರಬೇಕು. ಆದರೆ ನಿಮ್ಮ ಸೀರಿಯಲ್ ಒಪ್ಪಂದ ತೆಗೆದು ಓದಿ. ಬೇರೆ ಕಡೆ ಹಾಡಬಾರದು, ಹೆಸರು ಬಳಸಬಾರದು ಅನ್ನುವ ಷರತ್ತು ಕೆಲವದರಲ್ಲಿ ಇರುತ್ತದೆ.

ಮುಂದಿನ ಆರು ತಿಂಗಳು ನಟನೆ ಬಿಡೋ ಯೋಚನೆಯನ್ನೇ ಮಾಡಬೇಡಿ. ಆ ಮೂರು ಹಾಡು ಇನ್ನೂ ಅಪ್‌ಲೋಡ್ ಆಗಿಲ್ಲ ತಾನೇ? ಹಾಗಿದ್ದರೆ ಇವತ್ತೇ ಗೆಳೆಯರಿಗೆ ಫೋನ್ ಮಾಡಿ. ಒಂದೊಂದು ಹಾಡಿಗೆ ಒಂದೊಂದು ಹಾಳೆ. ಸಾಹಿತ್ಯ ಯಾರದ್ದು, ಟ್ಯೂನ್ ಯಾರದ್ದು, ಯಾರಿಗೆ ಶೇಕಡಾ ಎಷ್ಟು, ಮಾಸ್ಟರ್ ಯಾರದ್ದು, ಅವರಿಗೆ ಕೊಟ್ಟ ದುಡ್ಡು ಯಾತಕ್ಕೆ, ಎಲ್ಲ ಬರೆಯಿರಿ. ಇಬ್ಬರೂ ಸಹಿ ಹಾಕಿ. ಕೇಳೋಕೆ ಮುಜುಗರ ಆಗುತ್ತದೆ, ನನಗೆ ಗೊತ್ತು. ನಾನು ಕೇಳಿದ್ದರೆ ಆ ಗೆಳೆಯರು ಇವತ್ತೂ ನನ್ನ ಜೊತೆ ಗಿಟಾರ್ ಹಿಡಿದು ಕೂತಿರುತ್ತಿದ್ದರು.